ಲಿಫ್ಟಿನ ಲಿವರ್ ಹಿಡಿದವನಿಗೂ ಒಂದು ಲೈಸೆನ್ಸ್ ಬೇಕು

ವಿಜಯನಗರ ಜಿಲ್ಲೆಯ ಮರಿಯಮ್ಮನಹಳ್ಳಿಯಲ್ಲಿ ಯಾರದಾದರೂ ಮನೆಯ ಸ್ಲ್ಯಾಬ್ ಹಾಕುವ ದಿನ ಬಂತೆಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಬಿಸಿಲೇರುವ ಮೊದಲೇ ಟ್ರ್ಯಾಕ್ಟರಿನ ಹಿಂದೆ ಕಾಂಕ್ರೀಟು ಕಲಸುವ ಮಿಲ್ಲರ್ ಯಂತ್ರ ಬರುತ್ತದೆ. ಅದರ ಜತೆಗೆ ಕಬ್ಬಿಣದ ಉದ್ದನೆ ಕಂಬಗಳು, ಒಂದು ದೊಡ್ಡ ಬಕೆಟ್, ಒಂದು ಸುತ್ತು ತಂತಿ ಹಗ್ಗ. ಕಂಬವನ್ನು ಗೋಡೆಗೆ ಆನಿಸಿ ನಿಲ್ಲಿಸುತ್ತಾರೆ, ಡೀಸೆಲ್ ಎಂಜಿನ್ನಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ, ಗೌಂಡಿ ಮೇಲೆ ಹತ್ತುತ್ತಾನೆ, ಹೆಣ್ಣಾಳು ಗಂಡಾಳು ಸೇರಿ ಹದಿನೈದಿಪ್ಪತ್ತು ಮಂದಿ ಖಡಿ, ಉಸುಕು, ಸಿಮೆಂಟು ಹೊರಲು ಸಾಲುಗಟ್ಟುತ್ತಾರೆ. ಎಂಜಿನ್ನಿನ ಮಗ್ಗುಲಿಗೆ ಒಬ್ಬ ನಿಲ್ಲುತ್ತಾನೆ. ಕೈ ಕ್ಲಚ್ಚಿನ ಲಿವರ್ ಮೇಲೆ, ಕಾಲು ಬ್ರೇಕಿನ ಮೇಲೆ. ಕೊನೆಯ ಬಕೆಟ್ ಮೇಲೆ ಹೋಗುವವರೆಗೆ ಅವನು ಅಲ್ಲಿಂದ ಕದಲುವಂತಿಲ್ಲ.

ಅವನೇ ಈ ಭಾಗದ ಸರಕು ಲಿಫ್ಟಿನ ಆಪರೇಟರ್. ಅವನ ಕೆಲಸವನ್ನು ಕೆಲಸವೆಂದು ಬರೆದುಕೊಂಡ ದಫ್ತರ ಮಾತ್ರ ಊರಲ್ಲಿ ಎಲ್ಲೂ ಇಲ್ಲ. ಟ್ರ್ಯಾಕ್ಟರನ್ನು ರಸ್ತೆಗೆ ತಂದವನಿಗೆ ಲೈಸೆನ್ಸ್ ಬೇಕು. ಅದೇ ಟ್ರ್ಯಾಕ್ಟರ್ ಎಳೆದು ತಂದ ಲಿಫ್ಟಿನಲ್ಲಿ ಜನರ ತಲೆಯ ಮೇಲೆ ದಿನವಿಡೀ ಭಾರ ಏರಿಸಿ ಇಳಿಸುವವನಿಗೆ ಯಾವ ಪರೀಕ್ಷೆಯೂ ಇಲ್ಲ, ಯಾವ ಚೀಟಿಯೂ ಇಲ್ಲ. ಇದು ಬದಲಾಗಬೇಕು, ಮತ್ತು ಬದಲಾಯಿಸಲು ಇದೇ ಸರಿಯಾದ ಹೊತ್ತು.

ಆ ಕೆಲಸದ ಭಾರ ಎಷ್ಟೆಂದು ಮೊದಲು ಲೆಕ್ಕ ಹಾಕಿ ನೋಡೋಣ. ಸಾವಿರ ಚದರಡಿಯ ಮನೆಗೆ 5 ಇಂಚು ದಪ್ಪದ ಸ್ಲ್ಯಾಬ್ ಎಂದರೆ 400 ಘನ ಅಡಿಗೂ ಹೆಚ್ಚು ಕಾಂಕ್ರೀಟು. ಬೀಮುಗಳನ್ನು ಬಿಟ್ಟೇ 90ರ ಆಸುಪಾಸು ಚೀಲ ಸಿಮೆಂಟು ಬೇಕಾಗುತ್ತದೆ. ಒಂದು ಚೀಲಕ್ಕೆ ತಕ್ಕ ಉಸುಕು, ಖಡಿ, ನೀರು ಸೇರಿದರೆ ಒಂದು ಮಾಲಿನ ತೂಕ ಹತ್ತಿರ ಹತ್ತಿರ 300 ಕೆ.ಜಿ. ಪ್ರತಿ ಮಾಲನ್ನೂ ಒಂದು ಬಕೆಟ್ಟಿನಂತೆ ಎತ್ತಿದರೆ, 300 ಕೆ.ಜಿ. ಭಾರ ತೊಂಬತ್ತು ಸಲ ಮೇಲೇರಬೇಕು, ಖಾಲಿ ಬಕೆಟ್ ತೊಂಬತ್ತು ಸಲ ಕೆಳಗಿಳಿಯಬೇಕು. ಒಂದೇ ಮನೆಗೆ ಒಂದೇ ದಿನದಲ್ಲಿ 27 ಟನ್ನು. ಇಷ್ಟೂ ಹೋಗಿ ಬರುವುದು ಒಬ್ಬನ ಕೈ ಕಾಲಿನ ಮೇಲೆ.

ನಡುವೆ ನಿಲ್ಲಿಸುವಂತೆಯೂ ಇಲ್ಲ. ನೀರು ಬಿದ್ದ ಸಿಮೆಂಟು ಗಟ್ಟಿಯಾಗಲು ಹೊರಟರೆ ಯಾರಿಗೂ ಕಾಯುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಯಾವಾಗ ಬೇಕಾದರೂ ಹಿಡಿತ ಶುರುವಾಗಬಹುದು. ಹಾಕಿದ ಭಾಗ ಸೆಟ್ಟಾದ ಮೇಲೆ ಪಕ್ಕಕ್ಕೆ ಹೊಸ ಕಾಂಕ್ರೀಟು ಸುರಿದರೆ ಎರಡರ ನಡುವೆ ಸಂದಿ ಉಳಿದು ಮುಂದೆ ಮಳೆನೀರು ಇಳಿಯುತ್ತದೆ. ಹೀಗಾಗಿ ಸ್ಲ್ಯಾಬ್ ದಿನ ಎಲ್ಲರಿಗೂ ಅವಸರ. ಮನೆಯ ಯಜಮಾನನಿಗೆ ಸ್ಲ್ಯಾಬ್ ಸೋರಬಾರದು, ಗುತ್ತಿಗೆದಾರನಿಗೆ ಕತ್ತಲಾಗುವುದರೊಳಗೆ ಮುಗಿಯಬೇಕು, ಯಂತ್ರದ ಮಾಲೀಕನಿಗೆ ಮಾರನೆಯ ದಿನ ಇನ್ನೊಂದು ಊರಿನ ಬಾಡಿಗೆ ಇರುತ್ತದೆ. ಅವಸರವೆಲ್ಲ ಕೊನೆಗೆ ಬಂದು ಕೂರುವುದು ಲಿವರ್ ಹಿಡಿದವನ ಹೆಗಲ ಮೇಲೆ. ಆಳುಗಳು ಸರದಿಯಲ್ಲಿ ಊಟಕ್ಕೆ ಹೋದಾಗಲೂ ಅವನ ಜಾಗಕ್ಕೆ ನಿಲ್ಲಬಲ್ಲ ಇನ್ನೊಬ್ಬ ಸಾಮಾನ್ಯವಾಗಿ ಇರುವುದಿಲ್ಲ.

ಯಂತ್ರ ನೋಡಲು ಸರಳ. ಎಂಜಿನ್ ತಿರುಗುತ್ತಿರುತ್ತದೆ. ಲಿವರ್ ಎಳೆದರೆ ಕ್ಲಚ್ ಹಿಡಿದು ಡ್ರಮ್ಮು ತಿರುಗುತ್ತದೆ, ಹಗ್ಗ ಸುತ್ತಿಕೊಳ್ಳುತ್ತದೆ, ಕಂಬದ ತುದಿಯ ರಾಟೆಯ ಮೇಲೆ ಹಾದು ಬಕೆಟ್ ಮೇಲೇರುತ್ತದೆ. ಇಳಿಯುವಾಗ ಎಂಜಿನ್ನಿನ ಆಸರೆ ಇಲ್ಲ. ಬಕೆಟ್ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ, ತಡೆಯುವುದು ಬ್ರೇಕ್ ಒಂದೇ. ಬೆಳಿಗ್ಗೆ ಚೆನ್ನಾಗಿ ಹಿಡಿಯುವ ಬ್ರೇಕಿನ ಪಟ್ಟಿ ಮಧ್ಯಾಹ್ನಕ್ಕೆ ಕಾಯ್ದು ಜಾರತೊಡಗುತ್ತದೆ, ಎಣ್ಣೆಯೋ ಸಿಮೆಂಟಿನ ನೀರೋ ತಗುಲಿದರೆ ಇನ್ನೂ ಬೇಗ ಜಾರುತ್ತದೆ. ಪಳಗಿದ ಆಪರೇಟರಿಗೆ ಇದು ಕಾಲಿನಡಿಯಲ್ಲೇ ತಿಳಿಯುತ್ತದೆ. ಬಕೆಟ್ ತುದಿ ಮುಟ್ಟುವ ಮುಂಚೆ ಎಷ್ಟು ದೂರದಲ್ಲಿ ಕ್ಲಚ್ ಬಿಡಬೇಕು, ತುಂಬಿದ ಬಕೆಟ್ಟಿಗೂ ಅರೆ ತುಂಬಿದ ಬಕೆಟ್ಟಿಗೂ ಆ ಅಂತರ ಹೇಗೆ ಬೇರೆಯಾಗುತ್ತದೆ, ಹಗ್ಗ ಡ್ರಮ್ಮಿನ ಮೇಲೆ ಒಂದರ ಮೇಲೊಂದು ಅಡ್ಡಾದಿಡ್ಡಿ ಸುತ್ತಿಕೊಂಡರೆ ಎಂಥ ಸದ್ದು ಬರುತ್ತದೆ ಎಂಬುದನ್ನು ಅವನು ಯಾವ ಪುಸ್ತಕದಲ್ಲೂ ಓದಿರುವುದಿಲ್ಲ. ಮೊದಲು ಖಡಿ ತುಂಬುತ್ತ, ಆಮೇಲೆ ಹಿರಿಯ ಆಪರೇಟರಿನ ಪಕ್ಕ ನಿಂತು, ಅವನು ಚಹಾಕ್ಕೆ ಹೋದಾಗ ಲಿವರ್ ಮುಟ್ಟಿ ಕಲಿತಿರುತ್ತಾನೆ. ಕಲಿಕೆ ಹೀಗೆ ಬಂದಿತೆಂದು ಅದನ್ನು ಕೀಳಾಗಿ ಕಾಣಬೇಕಿಲ್ಲ. ಆದರೆ ಕಲಿಸಿದವನು ಬಿಟ್ಟುಹೋದದ್ದನ್ನು ತುಂಬಿಕೊಡುವವರು ಯಾರೂ ಇಲ್ಲ ಎಂಬುದೇ ಇಲ್ಲಿನ ಅಪಾಯ.

ಮೂವತ್ತು ಅಡಿ ಎತ್ತರದಿಂದ ಕೈ ತಪ್ಪಿದ ಬಕೆಟ್ ನೆಲ ಮುಟ್ಟಲು ಒಂದೂವರೆ ಸೆಕೆಂಡೂ ಬೇಡ. ಕೆಳಗಿದ್ದವರಿಗೆ ತಲೆಯೆತ್ತಿ ನೋಡುವಷ್ಟೂ ಸಮಯ ಸಿಗುವುದಿಲ್ಲ.

ಮರಿಯಮ್ಮನಹಳ್ಳಿ ನಾಟಕದ ಊರು. ಪದ್ಮಶ್ರೀ ಮಂಜಮ್ಮ ಜೋಗತಿ ಅವರಂಥ ಕಲಾವಿದರು ಬಾಳಿ ಬೆಳಗಿದ ಊರು. ಪರದೆ ಎಳೆಯುವವನು ಒಂದು ಗಳಿಗೆ ಮೈಮರೆತರೆ ಎಂಥ ನಟನ ಪ್ರವೇಶವೂ ಕೆಡುತ್ತದೆ ಎಂಬುದನ್ನು ಇಲ್ಲಿಯ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ಲಿಫ್ಟಿನವನದೂ ಅಂಥದೇ ನೇಪಥ್ಯದ ಕೆಲಸ. ಆದರೆ ಅವನು ಮೈಮರೆತರೆ ಕೆಡುವುದು ದೃಶ್ಯವಲ್ಲ, ಹೋಗುವುದು ಒಬ್ಬರ ಪ್ರಾಣ.

ಇದೇ ಕೆಲಸಕ್ಕೆ ಕಾನೂನು ಪೂರ್ತಿ ಗೌರವ ಕೊಟ್ಟ ಜಾಗವೂ ಕರ್ನಾಟಕದಲ್ಲಿದೆ. ಅದು ನೆಲದ ಕೆಳಗೆ ಇದೆ.

ಗಂಗಾವತಿ, ಸಿಂಧನೂರು ಹಾದು ಹೋದರೆ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಸಿಗುತ್ತದೆ. ಸಂಡೂರಿನ ಕಬ್ಬಿಣದ ಗಣಿಗಳಂತೆ ಇದು ಬಯಲು ಗಣಿಯಲ್ಲ. ಸಂಡೂರಿನಲ್ಲಿ ಗುಡ್ಡ ಕಡಿದು ಅದಿರನ್ನು ಲಾರಿಗೋ ಬೆಲ್ಟಿಗೋ ಹಾಕುತ್ತಾರೆ. ಹಟ್ಟಿಯಲ್ಲಿ ಜನರೂ ಅದಿರೂ ಮಲ್ಲಪ್ಪ ಶಾಫ್ಟಿನಂಥ ಬಾವಿಗಳ ಮೂಲಕ ಎರಡು ಸಾವಿರ ಅಡಿಗೂ ಹೆಚ್ಚು ಆಳದಿಂದ ಹತ್ತಿಳಿಯಬೇಕು. ಜನರಿಗೆ ಕೇಜು, ಅದಿರಿಗೆ ಸ್ಕಿಪ್ಪು. ಇವನ್ನು ಎತ್ತಿಳಿಸುವವನು ವೈಂಡಿಂಗ್ ಎಂಜಿನ್ ಡ್ರೈವರ್. ಅವನು ಕೂರುವ ಕಡೆಯಿಂದ ಕೇಜು ಕಾಣುವುದಿಲ್ಲ. ಅದು ಈಗ ಎಷ್ಟು ಆಳದಲ್ಲಿದೆ ಎಂದು ತೋರಿಸುವ ಮುಳ್ಳು ಮತ್ತು ಕಿವಿಗೆ ಬೀಳುವ ಗಂಟೆ, ಇವೆರಡೇ ಅವನ ಕಣ್ಣು.

ಈ ಕುರ್ಚಿಯಲ್ಲಿ ಯಾರೆಂದರೆ ಅವರು ಕೂರುವಂತಿಲ್ಲ. 1961ರ ಲೋಹ ಗಣಿಗಳ ನಿಯಮಾವಳಿಯ ಪ್ರಕಾರ ವೈಂಡಿಂಗ್ ಎಂಜಿನ್‌ಮನ್ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಿರಬೇಕು. ಶಾಫ್ಟಿನ ಬಾಯಿಯಲ್ಲಿ ಬ್ಯಾಂಕ್ಸ್‌ಮನ್, ತಳದಲ್ಲಿ ಆನ್‌ಸೆಟ್ಟರ್ ಎಂದು ಬೇರೆ ಬೇರೆ ಜನ ನಿಂತಿರಬೇಕು. ಅವರ ಗಂಟೆ ಬಾರದೆ ಡ್ರೈವರ್ ಕೇಜನ್ನು ಅಲುಗಿಸುವ ಹಾಗಿಲ್ಲ. ಗಂಟೆಗೂ ಒಂದು ಭಾಷೆ ಇದೆ. ಕೇಜು ನಿಂತಿರುವಾಗ ಒಂದು ಹೊಡೆತ ಬಿದ್ದರೆ ಎತ್ತಬೇಕು, ಓಡುತ್ತಿರುವಾಗ ಒಂದು ಹೊಡೆತ ಬಿದ್ದರೆ ನಿಲ್ಲಿಸಬೇಕು. ಎರಡು ಹೊಡೆತಕ್ಕೆ ಇಳಿಸಬೇಕು. ಮೂರು ಹೊಡೆತ ಬಿದ್ದರೆ ಈ ಸಲ ಜನ ಹತ್ತುತ್ತಿದ್ದಾರೆ ಎಂದು ಎಚ್ಚರ. ಹಗ್ಗದ ತಪಾಸಣೆಯನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.

ಇದರ ಹಿಂದೆ ಕೋಲಾರದ ಚಿನ್ನದ ಗಣಿಗಳ ದೀರ್ಘ ಅನುಭವವೂ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿ.ಮೀ. ದೂರ ತಂತಿಯಲ್ಲಿ ಹರಿದು ಬಂದು ಆ ಗಣಿಗಳ ಯಂತ್ರಗಳನ್ನು ತಿರುಗಿಸಿತು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳಕ್ಕೆ ಒಂದೇ ಕೇಜು ಸಾಲದು. ನಡುವೆ ಇಳಿದು, ಸುರಂಗದಲ್ಲಿ ನಡೆದು, ಮತ್ತೊಂದು ಶಾಫ್ಟಿನ ಕೇಜು ಹತ್ತಬೇಕು. ಪಾಳಿ ಮುಗಿಸಿ ಸಾವಿರಾರು ಮಂದಿ ಮನೆಗೆ ಮರಳುತ್ತಿದ್ದದ್ದು ತಾವು ಎಂದೂ ಮುಖ ನೋಡದ ಡ್ರೈವರುಗಳ ಕೈಯ ಮೇಲೆ ನಂಬಿಕೆ ಇಟ್ಟು. 2001ರಲ್ಲಿ ಗಣಿ ಮುಚ್ಚಿದಾಗ ಚಿನ್ನದ ಲೆಕ್ಕವನ್ನು ಎಲ್ಲರೂ ಬರೆದರು. ಅಷ್ಟೊಂದು ಜನರನ್ನು ಶತಮಾನಕ್ಕೂ ಹೆಚ್ಚು ಕಾಲ ಎತ್ತಿಳಿಸಿದವರ ಕುಶಲತೆಯ ಬಗ್ಗೆ ಬರೆದವರು ಕಡಿಮೆ. ಅದನ್ನು ಬರೆಯುವುದು ನಮ್ಮ ನಾಡಿನ ಕೈಗಾರಿಕಾ ಇತಿಹಾಸದಲ್ಲಿ ಆಗಲೇಬೇಕಾದ ಕೆಲಸ.

ನಿಯಮ ಇದ್ದ ಮಾತ್ರಕ್ಕೆ ಅವಘಡ ನಿಲ್ಲುತ್ತದೆಯೇ? ಇಲ್ಲ. 2024ರ ಮೇ 14ರ ರಾತ್ರಿ ರಾಜಸ್ಥಾನದ ಕೋಲಿಹಾನ್ ತಾಮ್ರದ ಗಣಿಯಲ್ಲಿ ಹದಿನೈದು ಜನರಿದ್ದ ಕೇಜು ಕುಸಿಯಿತು. ಹದಿನಾಲ್ಕು ಮಂದಿಯನ್ನು ಮೇಲೆ ತಂದರು, ಒಬ್ಬ ಅಧಿಕಾರಿ ತೀರಿಕೊಂಡರು. ಇಂಗ್ಲೆಂಡಿನ ಡರ್ಬಿಶೈರಿನ ಮಾರ್ಕಮ್ ಕಲ್ಲಿದ್ದಲು ಗಣಿಯಲ್ಲಿ 1973ರ ಜುಲೈ 30ರಂದು ಕೇಜಿನ ವೇಗ ತಗ್ಗದೆ ತಳಕ್ಕೆ ಅಪ್ಪಳಿಸಿ 18 ಕಾರ್ಮಿಕರು ಸತ್ತರು. ತನಿಖೆಯಲ್ಲಿ ತಿಳಿದದ್ದು, ಬ್ರೇಕಿನ ಒಳಗಿದ್ದ ಒಂದು ಉಕ್ಕಿನ ಸರಳು ವರ್ಷಗಟ್ಟಲೆ ದಣಿದು ಬಿರುಕುಬಿಟ್ಟು ಮುರಿದಿತ್ತು. ಅಲ್ಲಿ ಕೆಲಸಕ್ಕೆ ನಿಯಮವಿತ್ತು, ಯಂತ್ರಕ್ಕೆ ದಾಖಲೆಯಿತ್ತು, ಆದ್ದರಿಂದ ತಪ್ಪು ಎಲ್ಲಿಯದು ಎಂದು ಹುಡುಕಲು ಸಾಧ್ಯವಾಯಿತು. ಅದು ಬರೇ ಡ್ರೈವರಿನ ಹಣೆಗೆ ಅಂಟಲಿಲ್ಲ. ಬೇರೆ ಗಣಿಗಳ ಬ್ರೇಕುಗಳನ್ನೂ ಬಿಚ್ಚಿ ನೋಡಿದರು. ದಾಖಲೆಯೇ ಇಲ್ಲದ ಕೆಲಸದಲ್ಲಿ ಹೀಗಾಗುವುದಿಲ್ಲ. ಬಕೆಟ್ ಬಿದ್ದರೆ ಮೊದಲ ಬೆರಳು ತೋರುವುದು ಲಿವರ್ ಹಿಡಿದವನ ಕಡೆಗೆ. ಹಗ್ಗ ಎಷ್ಟು ಹಳೆಯದು, ಬ್ರೇಕಿನ ಪಟ್ಟಿ ಯಾವಾಗ ಬದಲಾಯಿಸಿದ್ದು ಎಂದು ತೋರಿಸಲು ಅವನ ಬಳಿ ಒಂದು ಹಾಳೆಯೂ ಇರುವುದಿಲ್ಲ. ಪ್ರಮಾಣಪತ್ರವೂ ದಾಖಲೆ ಪುಸ್ತಕವೂ ಮೊದಲು ಕಾಯುವುದು ಕಾರ್ಮಿಕನನ್ನೇ. ಇದನ್ನು ಕಾರ್ಮಿಕ ಸಂಘಗಳು ಕೂಡ ಒತ್ತಿ ಹೇಳಬೇಕು.

ಎತ್ತುವ ಯಂತ್ರದ ಸುರಕ್ಷತೆಯ ಚರಿತ್ರೆ ಶುರುವಾದದ್ದೇ ಸರಕಿನ ಲಿಫ್ಟಿನಿಂದ. ತಂತಿ ಹಗ್ಗವನ್ನು 1834ರಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಯಲ್ಲಿ ವಿಲ್‌ಹೆಲ್ಮ್ ಆಲ್ಬರ್ಟ್ ಬಳಕೆಗೆ ತಂದ. ಅಮೆರಿಕದಲ್ಲಿ ಎಲಿಷಾ ಓಟಿಸ್ ಒಂದು ಮಂಚದ ಕಾರ್ಖಾನೆಯಲ್ಲಿ ಸಾಮಾನು ಮಹಡಿಗೆ ಸಾಗಿಸಬೇಕಾಗಿ ಬಂದಾಗ, ಹಗ್ಗ ಕಡಿದರೂ ಬೀಳದಂತೆ ತಡೆಯುವ ಹಲ್ಲುಗಳ ವ್ಯವಸ್ಥೆ ಮಾಡಿದ. ಅವನು ಮೊದಲು ಮಾರಿದ್ದು ಸರಕಿನ ಲಿಫ್ಟುಗಳನ್ನೇ. ಜನ ಓಡಾಡುವ ಲಿಫ್ಟ್ ನ್ಯೂಯಾರ್ಕಿನ ಅಂಗಡಿಯೊಂದಕ್ಕೆ ಬಂದದ್ದು ಆಮೇಲೆ, 1857ರಲ್ಲಿ. ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಆ ರಕ್ಷಣೆ ಇದೆ. ಮೂಲತಃ ಯಾವ ಕೆಲಸಕ್ಕಾಗಿ ಅದು ಹುಟ್ಟಿತೋ ಆ ಕೆಲಸ ಮಾಡುವ ಸಣ್ಣ ಊರಿನ ಬಾಡಿಗೆ ಯಂತ್ರಗಳಲ್ಲಿ ಅದನ್ನು ಹುಡುಕಬೇಕು.

ನೆಲದ ಮೇಲಿನ ಕಾನೂನುಗಳನ್ನು ನೋಡಿದರೆ ಹಂತ ಹಂತವಾಗಿ ಹಿಡಿತ ಸಡಿಲವಾಗುತ್ತ ಬರುತ್ತದೆ. 1948ರ ಕಾರ್ಖಾನೆ ಕಾಯ್ದೆಯ 28ನೇ ಕಲಂ ಬಿಗಿಯಾಗಿತ್ತು. ಕಾರ್ಖಾನೆಯ ಲಿಫ್ಟನ್ನು ಆರು ತಿಂಗಳಿಗೊಮ್ಮೆ ಅರ್ಹ ವ್ಯಕ್ತಿ ತಪಾಸಣೆ ಮಾಡಬೇಕು, ಎಷ್ಟು ಭಾರ ಹೊರಬಲ್ಲದು ಎಂದು ಎದ್ದು ಕಾಣುವಂತೆ ಬರೆದಿರಬೇಕು, ಜನರನ್ನು ಒಯ್ಯುವ ಕೇಜಿಗೆ ಕನಿಷ್ಠ ಎರಡು ಹಗ್ಗ ಬೇಕು ಮತ್ತು ಒಂದೊಂದಕ್ಕೂ ಇಡೀ ಭಾರ ಹೊರುವ ಶಕ್ತಿ ಇರಬೇಕು. ತೋರಣಗಲ್ಲಿನಿಂದ ಗಿಣಿಗೇರಿಯವರೆಗೆ, ನಮ್ಮ ದಾನಾಪುರದವರೆಗೆ ಹಬ್ಬಿದ ಉಕ್ಕಿನ ಕಾರ್ಖಾನೆಗಳು ಈ ಚೌಕಟ್ಟಿನಲ್ಲೇ ಬೆಳೆದವು. ಕಂಪ್ಲಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಭತ್ತವನ್ನು ಮೇಲಕ್ಕೆ ಒಯ್ಯುವ ಬೆಲ್ಟು ಬಕೆಟ್ಟಿನ ಎಲಿವೇಟರ್ ಕೂಡ ಕಾರ್ಖಾನೆಯ ಯಂತ್ರವೇ. ಕಟ್ಟಡದಲ್ಲಿ ಶಾಶ್ವತವಾಗಿ ಕೂರಿಸಿದ ಲಿಫ್ಟಿಗೆ ಕರ್ನಾಟಕದ 1974ರ ಲಿಫ್ಟ್ ಕಾಯ್ದೆ ಇದೆ. ಹೊಸಪೇಟೆಯ ಬಟ್ಟೆ ಅಂಗಡಿಯ ಮಹಡಿಗೆ ಸೀರೆಯ ಗಂಟು ಒಯ್ಯುವ ಲಿಫ್ಟಿಗೆ ಪರವಾನಗಿ ಬೇಕು, ಅದನ್ನು ನೋಡಲು ಪರಿವೀಕ್ಷಕರಿದ್ದಾರೆ. ಊರೂರು ಸುತ್ತುವ ಸ್ಲ್ಯಾಬ್ ಲಿಫ್ಟಿಗೆ ಬಂದಾಗ ಏನು?

ಅದಕ್ಕೂ ಕಾನೂನು ಇಲ್ಲವೆನ್ನುವಂತಿಲ್ಲ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ 1996ರಲ್ಲಿ ಬಂತು. ಅದರಡಿಯ 1998ರ ಕೇಂದ್ರ ನಿಯಮಗಳು ಎತ್ತುವ ಯಂತ್ರಗಳ ಬಗ್ಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿವೆ. ಹದಿನೆಂಟು ತುಂಬದವರು ಯಂತ್ರ ನಡೆಸಬಾರದು, ನಡೆಸುವವನಿಗೆ ಅದರ ಅಪಾಯಗಳ ಅರಿವಿರಬೇಕು, ಕಾಲಕಾಲಕ್ಕೆ ಅವನ ಆರೋಗ್ಯ ತಪಾಸಣೆ ಆಗಬೇಕು ಎಂದು ಹೇಳುತ್ತವೆ. ತಂತಿ ಹಗ್ಗಕ್ಕೂ ಸ್ಪಷ್ಟ ಅಳತೆ ಇದೆ: ಹಗ್ಗದ ವ್ಯಾಸದ ಎಂಟರಷ್ಟು ಉದ್ದದಲ್ಲಿ, ಒಟ್ಟು ಎಳೆಗಳ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಎಳೆ ಕಡಿದು ಕಂಡರೆ ಆ ಹಗ್ಗ ಬಳಸುವಂತಿಲ್ಲ. ಸಾಮಾನ್ಯವಾಗಿ ಸಿಗುವ ಹಗ್ಗದಲ್ಲಿ ಆರು ಹುರಿ, ಒಂದೊಂದು ಹುರಿಯಲ್ಲಿ 19 ಎಳೆ, ಒಟ್ಟು 114. ಹಗ್ಗ 10 ಮಿ.ಮೀ. ದಪ್ಪವಿದ್ದರೆ 8 ಸೆಂ.ಮೀ. ಉದ್ದದೊಳಗೆ ಹನ್ನೆರಡು ಎಳೆ ಕಡಿದಿದ್ದರೆ ಸಾಕು, ಅದನ್ನು ಬಿಸಾಡಬೇಕು. ಬೆರಳಲ್ಲಿ ಎಣಿಸಿ ಹೇಳಬಹುದಾದ ಈ ಮಾತು ಎಷ್ಟು ಜನ ಆಪರೇಟರುಗಳ ಕಿವಿಗೆ ಬಿದ್ದಿದೆ? ಇಂಗ್ಲಿಷಿನ ರಾಜಪತ್ರದಲ್ಲಿ ಅಚ್ಚಾದ ನಿಯಮ ಮರಿಯಮ್ಮನಹಳ್ಳಿಯ ಓಣಿಗೆ ಬರಲು ಯಾರಾದರೂ ಹೊತ್ತು ತರಬೇಕು.

1996ರ ಆ ಕಾಯ್ದೆ ಕಾಲು ಎಡವಿದ್ದು ಇನ್ನೊಂದು ಕಡೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಅದು ಅನ್ವಯಿಸುತ್ತಿರಲಿಲ್ಲ. ತನ್ನ ವಾಸಕ್ಕೆಂದು 10 ಲಕ್ಷ ರೂಪಾಯಿಯೊಳಗೆ ಮನೆ ಕಟ್ಟಿಕೊಳ್ಳುವವನಿಗೂ ಅನ್ವಯಿಸುತ್ತಿರಲಿಲ್ಲ. ಬಡವನ ಮನೆಗೆ ಕಾನೂನಿನ ಕಿರುಕುಳ ಬೇಡವೆಂಬ ಉದ್ದೇಶ ಒಳ್ಳೆಯದೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಕಾರ್ಖಾನೆ, ಗಣಿ, ಕಟ್ಟಡ ಕಾಯ್ದೆಗಳನ್ನೆಲ್ಲ ಒಳಗೆ ಸೇರಿಸಿಕೊಂಡಿವೆ, ಸ್ವಂತ ಮನೆಗಳಿಗೆ ಕೊಟ್ಟ ವಿನಾಯಿತಿಯ ಮಿತಿಯನ್ನು ಇನ್ನೂ ಮೇಲೇರಿಸಿವೆ. ಇದರ ಪರಿಣಾಮ ಸಣ್ಣ ಊರುಗಳಲ್ಲಿ ಎದ್ದು ಕಾಣುತ್ತದೆ. ಮಹಾನಗರದ ಇಪ್ಪತ್ತು ಅಂತಸ್ತಿನ ಕಟ್ಟಡ ಕಾನೂನಿನ ಒಳಗೆ ಉಳಿಯುತ್ತದೆ, ಮರಿಯಮ್ಮನಹಳ್ಳಿಯ, ಕಂಪ್ಲಿಯ, ಕಮಲಾಪುರದ ಬಹುಪಾಲು ಮನೆಗಳು ಹೊರಗೆ ಉಳಿಯುತ್ತವೆ. ಆದರೆ 300 ಕೆ.ಜಿ. ತೂಕದ ಬಕೆಟ್ಟಿಗೆ ಅದು ಯಾರ ಮನೆ, ಎಷ್ಟು ಲಕ್ಷದ ಮನೆ ಎಂಬುದು ತಿಳಿಯುವುದಿಲ್ಲ.

ಕಾನೂನಿನ ಒಳಗಿರುವ ಕಡೆಯೂ ನೆಮ್ಮದಿ ಇಲ್ಲ. 2023ರ ಸೆಪ್ಟೆಂಬರ್ 10ರಂದು ಮುಂಬೈ ಪಕ್ಕದ ಠಾಣೆಯಲ್ಲಿ ಕಟ್ಟಡವೊಂದರ ಸರ್ವಿಸ್ ಲಿಫ್ಟ್ ಬಿದ್ದು ಏಳು ಕಾರ್ಮಿಕರು ಸತ್ತರು. ಐದೇ ದಿನಕ್ಕೆ, ಸೆಪ್ಟೆಂಬರ್ 15ರಂದು, ಗ್ರೇಟರ್ ನೊಯಿಡಾದಲ್ಲಿ ಇನ್ನೊಂದು ಸರ್ವಿಸ್ ಲಿಫ್ಟ್ ಬಿತ್ತು. ನಾಲ್ವರು ಅಂದೇ ಸತ್ತರು, ಆಸ್ಪತ್ರೆಯಲ್ಲಿ ಆ ಸಂಖ್ಯೆ ಇನ್ನೂ ಏರಿತು. ದೂರದ ಸುದ್ದಿ ಎಂದು ಪುಟ ತಿರುವಿಹಾಕುವಂತಿಲ್ಲ. ಮಳೆ ಕೈಕೊಟ್ಟ ವರ್ಷ ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಳ್ಳಿಗಳಿಂದ ಗುಳೆ ಹೊರಟವರು ಬೆಂಗಳೂರು, ಗೋವಾ, ಪುಣೆ, ಮುಂಬೈಯ ಇಂಥವೇ ಕಟ್ಟಡಗಳಲ್ಲಿ ದುಡಿಯುತ್ತಾರೆ. ಊರಲ್ಲಿ ಲಿವರ್ ಹಿಡಿದು ಕಲಿತವನಿಗೆ ಒಂದು ಪ್ರಮಾಣಪತ್ರ ಇದ್ದರೆ ಅಲ್ಲಿ ಅವನು ಆಪರೇಟರ್ ಎಂದು ಕೂಲಿ ಕೇಳಬಹುದು. ಇಲ್ಲದಿದ್ದರೆ ಅಲ್ಲಿಯೂ ಅವನು ಹೆಲ್ಪರ್.

ಎತ್ತುವ ಕೊಂಡಿಯೊಂದು ಕಡಿದರೆ ಏನಾಗುತ್ತದೆ ಎಂಬುದು ಈ ನೆಲಕ್ಕೆ ಗೊತ್ತು. ತುಂಗಭದ್ರಾ ಹಿನ್ನೀರಿನ ದಂಡೆಯ ಜನ 2024ರ ಆಗಸ್ಟ್ 10ರ ರಾತ್ರಿಯನ್ನು ಮರೆತಿಲ್ಲ. ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ಕಣ್ಣೆದುರೇ ಹರಿದುಹೋಗುತ್ತಿತ್ತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಕ್ರೇನಿನಿಂದ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಆ ದಿನಗಳಲ್ಲಿ ಭತ್ತದ ರೈತರು ಉಸಿರು ಬಿಗಿಹಿಡಿದು ನೋಡಿದ್ದು ಕ್ರೇನಿನ ಕೊಂಡಿಯನ್ನು, ಅದನ್ನು ಇಂಚಿಂಚಾಗಿ ಇಳಿಸುತ್ತಿದ್ದವರ ಕೈಚಳಕವನ್ನು. ಭಾರವನ್ನು ಹದವಾಗಿ ಇಳಿಸುವುದು ಎಂಥ ದೊಡ್ಡ ವಿದ್ಯೆ ಎಂದು ಅಂದು ಇಡೀ ಜಿಲ್ಲೆ ಒಪ್ಪಿತು. ಆಮೇಲೆ ತಜ್ಞರು ಎಲ್ಲ ಗೇಟುಗಳನ್ನೂ ಬದಲಾಯಿಸಬೇಕೆಂದರು. ದೊಡ್ಡ ಸರಪಳಿಯ ವಿಚಾರದಲ್ಲಿ ಕಲಿತ ಪಾಠವನ್ನು ಓಣಿಯ ಸಣ್ಣ ಹಗ್ಗಕ್ಕೂ ಅನ್ವಯಿಸುವುದು ಕಷ್ಟವೇನಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮನೆಯನ್ನು ಹಿಡಿಯುವುದು ಬೇಡ, ಯಂತ್ರವನ್ನು ಹಿಡಿಯಿರಿ. ಸ್ಲ್ಯಾಬ್ ಲಿಫ್ಟ್ ಮನೆಯವನದಲ್ಲ, ಬಾಡಿಗೆಯದು. ಒಂದು ಪಟ್ಟಣಕ್ಕೆ ಇಂಥ ಯಂತ್ರಗಳು ಇರುವುದು ಕೆಲವೇ ಕೆಲವು, ಅವುಗಳ ಮಾಲೀಕರು ಎಲ್ಲರಿಗೂ ಗೊತ್ತಿರುವವರು. ಕಾರ್ಮಿಕ ಇಲಾಖೆಯೋ ಪಟ್ಟಣ ಪಂಚಾಯಿತಿಯೋ ಆ ಯಂತ್ರಗಳನ್ನು ನೋಂದಾಯಿಸಿ, ವರ್ಷಕ್ಕೊಮ್ಮೆ ಹಗ್ಗ, ಬ್ರೇಕು, ರಾಟೆ ನೋಡಿಸಿ, ಹೊರಬಲ್ಲ ಭಾರವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿದರೆ, ಕಾಯ್ದೆಯ ಒಳಗಿನ ಮನೆ ಹೊರಗಿನ ಮನೆ ಎಂಬ ಭೇದವೇ ಉಳಿಯುವುದಿಲ್ಲ. ಮನೆ ಕಟ್ಟಲು ಪಂಚಾಯಿತಿಯ ಪರವಾನಗಿ ಹೇಗೂ ಬೇಕು. ಸ್ಲ್ಯಾಬಿಗೆ ನೋಂದಾಯಿತ ಯಂತ್ರವನ್ನೇ ತರಬೇಕು ಎಂಬ ಒಂದು ಸಾಲನ್ನು ಆ ಪರವಾನಗಿಯಲ್ಲಿ ಸೇರಿಸಿದರೆ ಸಾಕು.

ಆಪರೇಟರಿಗೆ ಬೇಕಾದ್ದು ವರ್ಷಗಟ್ಟಲೆಯ ಓದಲ್ಲ. ಕೈಚಳಕ ಅವನಲ್ಲಿ ಇದ್ದೇ ಇದೆ. ಹಗ್ಗದ ಎಳೆ ಎಣಿಸುವುದು, ಬ್ರೇಕಿನ ಪಟ್ಟಿ ಬದಲಾಯಿಸುವುದು, ಕಂಬಕ್ಕೆ ಸರಿಯಾಗಿ ಬಿಗಿಹಗ್ಗ ಕಟ್ಟುವುದು, ಗಾಳಿ ಬೀಸಿದಾಗ ನಿಲ್ಲಿಸುವ ಧೈರ್ಯ, ಪೆಟ್ಟಾದವರಿಗೆ ಪ್ರಥಮ ಚಿಕಿತ್ಸೆ, ಇಷ್ಟನ್ನು ಹೊಸಪೇಟೆಯ ಐಟಿಐಯಲ್ಲಿ ಕೆಲವೇ ದಿನಗಳಲ್ಲಿ ಕಲಿಸಿ ಪರೀಕ್ಷೆ ಮಾಡಿ ಕಾರ್ಡು ಕೊಡಬಹುದು. ಹಟ್ಟಿಯ ನಿವೃತ್ತ ವೈಂಡಿಂಗ್ ಡ್ರೈವರುಗಳನ್ನು ಕರೆಸಿ ಪಾಠ ಮಾಡಿಸಿದರೆ ಇನ್ನೂ ಒಳ್ಳೆಯದು. ಗಣಿಯ ಗಂಟೆಯ ಭಾಷೆಯನ್ನೂ ಅವರಿಂದಲೇ ಕಲಿಯಬಹುದು. ಡೀಸೆಲ್ ಎಂಜಿನ್ನಿನ ಸದ್ದಿನಲ್ಲಿ ಮೇಲಿನ ಗೌಂಡಿ “ಎತ್ತಪಾ” ಅಂದನೋ “ನಿಂದ್ರಸಪಾ” ಅಂದನೋ ಕೆಳಗಿದ್ದವನಿಗೆ ಕೇಳಿಸುವುದಿಲ್ಲ. ಕೈಸನ್ನೆ ಮಾಡಿದರೆ ಬಿಸಿಲಿಗೆ ಕಣ್ಣು ಕೋರೈಸುತ್ತದೆ. ಮೇಲೊಂದು ಗುಂಡಿ, ಕೆಳಗೊಂದು ಜೋರಾದ ಗಂಟೆ, ಒಂದು ಎರಡು ಮೂರು ಎಂಬ ಒಪ್ಪಂದ. ಇದಕ್ಕೆ ತಗಲುವ ಖರ್ಚು ಸ್ಲ್ಯಾಬ್ ದಿನದ ಊಟದ ಖರ್ಚಿಗಿಂತ ಕಡಿಮೆ.

ಈ ಕಲಿಕೆಗೆ ಹೆಣ್ಣುಮಕ್ಕಳನ್ನೂ ಸೇರಿಸಬೇಕು. ಲಿಫ್ಟು ಬರುವ ಮೊದಲು ಏಣಿಯ ಉದ್ದಕ್ಕೂ ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿದವರಲ್ಲಿ ಅವರ ಪಾಲು ದೊಡ್ಡದು. ಯಂತ್ರ ಬಂದಾಗ ಬುಟ್ಟಿ ಹೊರುವ ಕೆಲಸ ಅವರ ಪಾಲಿಗೇ ಉಳಿಯಿತು, ಲಿವರ್ ಗಂಡಸರ ಪಾಲಾಯಿತು. ಲಿವರಿಗೆ ಬೇಕಾದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ಗಮನ. ಗಮನವಿಟ್ಟು ದುಡಿಯುವುದರಲ್ಲಿ ನಮ್ಮ ಹೆಣ್ಣಾಳುಗಳಿಗೆ ಪಾಠ ಹೇಳಬೇಕಾದ ಅಗತ್ಯ ಯಾರಿಗೂ ಇಲ್ಲ.

ಇದರಿಂದ ಬಾಡಿಗೆ ಏರುತ್ತದೆ, ಮನೆ ಕಟ್ಟುವವನಿಗೆ ಹೊರೆಯಾಗುತ್ತದೆ ಎಂದು ಮಾಲೀಕರು ಹೇಳಬಹುದು. ಸ್ವಲ್ಪ ಏರಬಹುದು, ಆ ಮಾತು ನಿಜ. ಆದರೆ ಸಣ್ಣ ಮಾಲೀಕರೂ ಸಾಲ ಮಾಡಿ ಯಂತ್ರ ತಂದವರೇ. ಒಂದು ಅವಘಡವಾದರೆ ಅವರೂ ಮುಳುಗುತ್ತಾರೆ. ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ, ದೊಡ್ಡ ಕಟ್ಟಡಗಳ ವೆಚ್ಚದಲ್ಲಿ ನೂರಕ್ಕೆ ಒಂದರಷ್ಟು ಸೆಸ್ ಅದಕ್ಕೆ ಸೇರುತ್ತದೆ. ಆ ಹಣ ಕಾರ್ಮಿಕರದ್ದು. ತರಬೇತಿಯ ಖರ್ಚು, ಕಲಿಯುವ ದಿನಗಳ ಕೂಲಿ, ಹಳೆಯ ಹಗ್ಗ ಒಪ್ಪಿಸಿದ ಮಾಲೀಕನಿಗೆ ಹೊಸ ಹಗ್ಗಕ್ಕೆ ಸಹಾಯಧನ, ಇವಕ್ಕೆಲ್ಲ ಅದಕ್ಕಿಂತ ಯೋಗ್ಯವಾದ ಮೂಲ ಇನ್ನೊಂದಿಲ್ಲ. ಮಂಡಳಿಯ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಅಲೆಯುವ ಆಪರೇಟರಿಗೆ ಆ ದಾಖಲೆ ಕೊಡುವವರೇ ಸಿಗುವುದಿಲ್ಲ. ಯಂತ್ರಕ್ಕೊಂದು ದಿನಚರಿ ಪುಸ್ತಕವಿದ್ದು, ಯಾವ ದಿನ ಯಾರ ಮನೆ, ಲಿವರ್ ಹಿಡಿದವರು ಯಾರು ಎಂದು ಬರೆದಿದ್ದರೆ ಅದೇ ಅವನ ದಾಖಲೆಯಾಗುತ್ತದೆ.

ಸಂಹಿತೆಗಳ ಅಡಿಯಲ್ಲಿ ರಾಜ್ಯ ಮಟ್ಟದಲ್ಲಿ ಆಗಬೇಕಾದ ಏರ್ಪಾಡುಗಳ ಕಾಲ ಇದು. ಹಳೆಯ ನಿಯಮಗಳು ಹೊಸ ಚೌಕಟ್ಟಿಗೆ ಹೊಂದಿಕೊಳ್ಳುತ್ತಿರುವಾಗಲೇ ಬಾಡಿಗೆ ಲಿಫ್ಟುಗಳ ವಿಷಯವನ್ನು ಸೇರಿಸಿದರೆ ಸೇರಿತು, ಬಿಟ್ಟರೆ ಇನ್ನೊಂದು ತಲೆಮಾರು ಕಾಯಬೇಕಾಗುತ್ತದೆ. ಜಿಲ್ಲೆಯ ಶಾಸಕರು, ಕಾರ್ಮಿಕ ಅಧಿಕಾರಿಗಳು ಇದನ್ನು ಬೆಂಗಳೂರಿಗೆ ಮುಟ್ಟಿಸಬೇಕು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಹೊಸ ವಿಜಯನಗರ ಜಿಲ್ಲೆಗೆ ಮಾದರಿ ಹಾಕಿಕೊಡುವ ಅವಕಾಶವೂ ಇದೆ. ಆರಂಭಕ್ಕೆ ಕಾಯ್ದೆಯ ತಿದ್ದುಪಡಿಯೂ ಬೇಡ. ಸ್ಲ್ಯಾಬಿನ ಸುಗ್ಗಿ ಬೇಸಿಗೆಯದು. ಮುಂಗಾರು ಹಿಡಿದಾಗ ಯಂತ್ರಗಳು ತಾಡಪಾಲು ಹೊದ್ದು ನಿಲ್ಲುತ್ತವೆ, ಆಪರೇಟರುಗಳ ಕೈ ಖಾಲಿ ಇರುತ್ತದೆ. ಆ ಜುಲೈ ಆಗಸ್ಟಿನಲ್ಲಿ ಪಟ್ಟಣ ಪಂಚಾಯಿತಿ ಒಂದು ಜಾಗ ಕೊಟ್ಟು, ಮಂಡಳಿ ದಿನಗೂಲಿ ಕೊಟ್ಟು, ಮರಿಯಮ್ಮನಹಳ್ಳಿಯ ಅಷ್ಟೂ ಯಂತ್ರಗಳನ್ನೂ ಅವನ್ನು ನಡೆಸುವವರನ್ನೂ ಒಂದು ಕಡೆ ಸೇರಿಸಿ ಮೊದಲ ತಂಡದ ತರಬೇತಿ ನಡೆಸಬಹುದು.